ತಾಯಿಯಿಲ್ಲದೆ ಹುಟ್ಟಿದ ಗಿಡ

ಊರಾಚೆಯ ತಿಪ್ಪೆ, ರೈಲು ಹಳಿಯ ಅಂಚು, ಪಾಳುಬಿದ್ದ ಗೋಡೆಯ ಬುಡ – ದತ್ತೂರಿ ಗಿಡಕ್ಕೆ ಇಂಥ ಜಾಗಗಳೇ ಪ್ರೀತಿ. ಸಂಜೆಯಾಗುತ್ತಲೇ ಬಿಳಿಯ ಕಹಳೆಯಂಥ ಹೂ ಅರಳುತ್ತದೆ. ಆಮೇಲೆ ಮೈತುಂಬ ಮುಳ್ಳಿರುವ ಕಾಯಿ. ಶಿವನ ಪೂಜೆಗೆ ಸಲ್ಲುವ ಈ ಹೂವನ್ನು ಉಳಿದ ದಿನಗಳಲ್ಲಿ ಯಾರೂ ಮನೆಯೊಳಗೆ ತರುವುದಿಲ್ಲ. ಬೀಜ ಬಾಯಿಗೆ ಹೋದರೆ ಬುದ್ಧಿ ಕೆಡುತ್ತದೆ, ಜೀವಕ್ಕೇ ಸಂಚಕಾರ ಎಂದು ಹಿರಿಯರು ಮಕ್ಕಳನ್ನು ಗದರಿಸುತ್ತಾರೆ. ಅದು ಅಕ್ಷರಶಃ ನಿಜ. ವಿದ್ಯಾರ್ಥಿಗಳು ಕುತೂಹಲಕ್ಕೂ ಅದನ್ನು ರುಚಿ ನೋಡಬಾರದು.

ದನವೂ ಮೂತಿ ಹಾಕದ ಈ ಗಿಡದ ಮೇಲೆ ದಿಲ್ಲಿಯ ಒಂದು ಪ್ರಯೋಗಾಲಯದಲ್ಲಿ 1960ರ ದಶಕದಲ್ಲಿ ನಡೆದ ಕೆಲಸವೊಂದು ಇಂದು ಭತ್ತ, ಗೋಧಿ, ಬಾರ್ಲಿ, ಎಣ್ಣೆಕಾಳುಗಳ ಹೊಸ ತಳಿ ತಯಾರಿಸುವ ರೀತಿಯನ್ನೇ ಬದಲಿಸಿದೆ. ಆ ಕೆಲಸ ಮಾಡಿದವರು ಇಬ್ಬರೂ ಭಾರತೀಯರು. ಪಿಯುಸಿ ಫಲಿತಾಂಶ ಬಂದ ವಾರ ಮನೆಮನೆಗಳಲ್ಲಿ ಕೇಳಿಬರುವ ‘ಬಾಟನಿ ಓದಿ ಏನು ಮಾಡ್ತೀಯ?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ತಂದೆತಾಯಿಗಳೂ ಮಕ್ಕಳೂ ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಬಹುದು.

ಮೊದಲು ಪರಾಗದ ಹಣೆಬರಹ ತಿಳಿಯೋಣ. ದತ್ತೂರಿಯ ಎಲೆ, ಕಾಂಡ, ಬೇರಿನ ಪ್ರತಿಯೊಂದು ಜೀವಕೋಶದಲ್ಲೂ ಸಾಮಾನ್ಯವಾಗಿ 24 ವರ್ಣತಂತುಗಳಿರುತ್ತವೆ. ಅವುಗಳಲ್ಲಿ 12 ತಾಯಿಯ ಕಡೆಯಿಂದ ಬಂದವು, 12 ತಂದೆಯ ಕಡೆಯಿಂದ. ಹೂವಿನೊಳಗಿನ ಪರಾಗಕೋಶದಲ್ಲಿ ಪರಾಗ ಹುಟ್ಟುವಾಗ ಮಾತ್ರ ಈ ಸಂಖ್ಯೆ ಅರ್ಧಕ್ಕಿಳಿದು 12 ಆಗುತ್ತದೆ. ಹೀಗೆ ಅರ್ಧ ಪಾಲು ಮಾತ್ರ ಇರುವ ಸ್ಥಿತಿಗೆ ಏಕಗುಣಿತ ಎಂದು ಹೆಸರು. ಪರಾಗಕ್ಕೆ ಒಪ್ಪಿಸಿರುವ ಕೆಲಸ ಒಂದೇ: ಹೂವಿನ ಹೆಣ್ಣುಭಾಗದ ತುದಿ ತಲುಪಿ, ನಳಿಗೆ ಚಾಚಿ, ಗಂಡು ಕೋಶಗಳನ್ನು ಅಂಡದ ಬಳಿಗೆ ಮುಟ್ಟಿಸಿ ಮುಗಿದುಹೋಗುವುದು. ತಾನೇ ಗಿಡವಾಗುವುದು ಅದರ ಪಾಲಿಗೆ ಬರೆದ ಕೆಲಸವಲ್ಲ.

ಆದರೂ ಅರ್ಧ ವರ್ಣತಂತುಗಳಿಂದಲೇ ಬದುಕುವ ಗಿಡ ಒಂದಿರಬಹುದು ಎಂಬ ಸುಳಿವು ಸಿಕ್ಕಿದ್ದೂ ದತ್ತೂರಿಯಲ್ಲೇ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಆಲ್ಬರ್ಟ್ ಬ್ಲೇಕ್ಸ್‌ಲೀ ಎಂಬ ವಿಜ್ಞಾನಿ ಎಷ್ಟೋ ವರ್ಷ ದತ್ತೂರಿಯನ್ನೇ ಬೆಳೆಸಿ, ಅದರ ವರ್ಣತಂತುಗಳನ್ನೇ ಎಣಿಸುತ್ತ ಕುಳಿತವರು. 1922ರಲ್ಲಿ ಅವರೂ ಸಂಗಡಿಗರೂ 12 ವರ್ಣತಂತುಗಳಷ್ಟೇ ಇದ್ದ ದತ್ತೂರಿ ಗಿಡವೊಂದನ್ನು ವರದಿ ಮಾಡಿದರು. ಸೊರಗಿದ ಗಿಡ. ಅದರ ಪರಾಗವೂ ಬಹುಪಾಲು ಜೊಳ್ಳು. ವರ್ಣತಂತುಗಳಿಗೆ ಜೋಡಿಯೇ ಇಲ್ಲದ ಮೇಲೆ ಸರಿಯಾದ ಪರಾಗವಾದರೂ ಹೇಗೆ ಹುಟ್ಟೀತು? ಪ್ರಕೃತಿಯಲ್ಲಿ ಇಂಥ ಗಿಡಗಳು ಬಲು ಅಪರೂಪ. ತಳಿತಜ್ಞರಿಗೆ ಅವು ಬೇಕಾಗಿದ್ದವು, ಆದರೆ ಬೇಕೆಂದಾಗ ಪಡೆಯುವ ಉಪಾಯವಿರಲಿಲ್ಲ.

ಈಗ ದಿಲ್ಲಿಗೆ ಬರೋಣ. 1949ರಲ್ಲಿ ಢಾಕಾದಿಂದ ದಿಲ್ಲಿ ವಿಶ್ವವಿದ್ಯಾಲಯಕ್ಕೆ ಬಂದ ಪಂಚಾನನ ಮಾಹೇಶ್ವರಿ ಅಲ್ಲಿಯ ಸಸ್ಯಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪಠ್ಯಪುಸ್ತಕ ಓದಿದ ವಿದ್ಯಾರ್ಥಿಗಳು ಅವರ ಚಿತ್ರವನ್ನು ಕಂಡಿರುತ್ತಾರೆ. ಅವರ ಕ್ಷೇತ್ರ ಸಸ್ಯಭ್ರೂಣಶಾಸ್ತ್ರ. ‘ಹಸುರು ಹೊನ್ನು’ ಬರೆದ ನಮ್ಮ ಬಿ.ಜಿ.ಎಲ್. ಸ್ವಾಮಿಯವರು ಹೆಸರು ಮಾಡಿದ ಕ್ಷೇತ್ರವೂ ಇದೇ. ಹೂವಿನ ಭಾಗಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡುವುದರಲ್ಲೇ ತೃಪ್ತರಾಗದೆ, ಅಂಡಾಶಯ, ಅಂಡಕ, ಪರಾಗಕೋಶಗಳನ್ನು ಬಿಡಿಸಿ ಗಾಜಿನ ಪ್ರನಾಳದಲ್ಲಿ ಬೆಳೆಸಿ ನೋಡುವ ಹೊಸ ದಾರಿಯನ್ನು ಮಾಹೇಶ್ವರಿ ತಮ್ಮ ವಿಭಾಗದಲ್ಲಿ ತೆರೆದಿದ್ದರು.

ಪಂಚಾನನರ ಮಗ ಸತೀಶಚಂದ್ರ ಮಾಹೇಶ್ವರಿ ಅದೇ ವಿಭಾಗದಲ್ಲಿ ಅಧ್ಯಾಪಕರು. ಅವರ ಜೊತೆ ಕೆಲಸ ಮಾಡುತ್ತಿದ್ದವರು ಶಿಪ್ರಾ ಗುಹಾ ಎಂಬ ತರುಣಿ. ಈರುಳ್ಳಿ ಹೂವಿನ ಅಂಡಾಶಯವನ್ನು ಪ್ರನಾಳದಲ್ಲಿ ಬೆಳೆಸುವ ಕೆಲಸ ಮಾಡಿ ಪಳಗಿದ ಕೈ ಅವರದು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಪರಾಗ ಹುಟ್ಟುವಾಗ ವರ್ಣತಂತುಗಳ ಸಂಖ್ಯೆ ಅರ್ಧವಾಗುವ ಆ ವಿಶೇಷ ಕೋಶವಿಭಜನೆಯನ್ನು ಪ್ರನಾಳದಲ್ಲಿ ಅಭ್ಯಾಸ ಮಾಡುವುದು ಇಬ್ಬರ ಉದ್ದೇಶವಾಗಿತ್ತು. ಹೊಸ ತಳಿ, ಹೆಚ್ಚು ಇಳುವರಿ, ಕೃಷಿ – ಇವು ಯಾವುವೂ ಆಗ ಅವರ ಲೆಕ್ಕದಲ್ಲಿರಲಿಲ್ಲ.

ದತ್ತೂರಿಯ ಮೊಗ್ಗು ಬಿಡಿಸಿ, ಪರಾಗಕೋಶಗಳನ್ನು ತೆಗೆದು, ಸಕ್ಕರೆ, ಲವಣ, ಜೀವಸತ್ವಗಳಿರುವ ಅಗರ್ ಮೇಲೆ ಇಟ್ಟರು. ಕೆಲವು ಪ್ರನಾಳಗಳಿಗೆ ಸಸ್ಯ ಹಾರ್ಮೋನು, ಕೆಲವಕ್ಕೆ ತೆಂಗಿನ ನೀರು. ತೆಂಗಿನ ನೀರು ಎಂದರೆ ನಗಬೇಕಾಗಿಲ್ಲ. ತೆಂಗಿನಕಾಯಿಯೊಳಗಿನ ನೀರು ಪ್ರಕೃತಿ ಭ್ರೂಣಕ್ಕೆಂದೇ ಕೂಡಿಟ್ಟ ಆಹಾರ. ತೀರ ಎಳೆಯ ದತ್ತೂರಿ ಭ್ರೂಣಗಳು ಅದರಿಂದ ಬೆಳೆಯುತ್ತವೆ ಎಂದು 1941ರಲ್ಲಿ ಓವರ್‌ಬೀಕ್, ಬ್ಲೇಕ್ಸ್‌ಲೀ ಮತ್ತು ಸಂಗಡಿಗರು ತೋರಿಸಿದ್ದರು.

ಕೆಲವು ವಾರ ಕಳೆದ ಮೇಲೆ ಪರಾಗಕೋಶದ ಬಿರುಕಿನಿಂದ ಸಣ್ಣ ಸಣ್ಣ ಭ್ರೂಣಗಳಂಥ ವಸ್ತುಗಳು ಇಣುಕಿದವು. ಬೀಜದೊಳಗೆ ಕಾಣುವಂಥದೇ ಆಕಾರ – ಬೇರಿನ ತುದಿ, ಎರಡು ಬೀಜದಳ. ಆದರೆ ಇಲ್ಲಿ ಅಂಡವೂ ಇಲ್ಲ, ಪರಾಗಸ್ಪರ್ಶವೂ ಆಗಿಲ್ಲ. ಇಲ್ಲೇ ವಿಜ್ಞಾನಿಯ ಪರೀಕ್ಷೆ ಇರುವುದು. ಪರಾಗಕೋಶದ ಗೋಡೆಯೂ ಜೀವಂತ ಅಂಗಾಂಶವೇ. ಭ್ರೂಣ ಆ ಗೋಡೆಯಿಂದ ಮೂಡಿದ್ದರೆ ಅದು 24 ವರ್ಣತಂತುಗಳ ಮಾಮೂಲಿ ಗಿಡ. ಕ್ಯಾರೆಟ್ ಬೇರಿನ ಕೋಶಗಳಿಂದ ಅಂಥ ಭ್ರೂಣ ಬರುವುದು 1958ರಲ್ಲೇ ತಿಳಿದಿತ್ತು. ಪರಾಗದಿಂದಲೇ ಮೂಡಿದ್ದರೆ ಮಾತ್ರ ಅದು ಯಾರೂ ಕಾಣದ ಸಂಗತಿ.

1964ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಗುಹಾ ಮತ್ತು ಮಾಹೇಶ್ವರಿ ಅವರ ಚಿಕ್ಕ ಲೇಖನ ಬಂತು. 1966ರಲ್ಲಿ ಎರಡನೆಯದು. ಪರಾಗದ ಕಣವೊಂದು ಒಳಗೊಳಗೇ ವಿಭಜನೆಗೊಂಡು, ಮುದ್ದೆಯಾಗಿ, ತನ್ನ ಹೊರಕವಚವನ್ನು ಒಡೆದು ಭ್ರೂಣವಾಗುವ ಹಂತಗಳು ಈಗ ಸ್ಪಷ್ಟವಾಗಿದ್ದವು. ಪರಾಗದಿಂದ ಎದ್ದ ಗಿಡದಲ್ಲಿ ವರ್ಣತಂತುಗಳು 12. ತಾಯಿಯಿಲ್ಲದೆ, ತಂದೆಯ ಪಾಲಷ್ಟನ್ನೇ ಹೊತ್ತು ಗಿಡ ಹುಟ್ಟಿತ್ತು. ಎರಡು ವರ್ಷದ ಹಿಂದೆ ಆಕಸ್ಮಿಕವಾಗಿ ಕಂಡದ್ದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಖಚಿತಪಡಿಸಿದ ಈ ದುಡಿಮೆಗೇ ಹೆಚ್ಚು ಬೆಲೆ ಕೊಡಬೇಕು. ಕಂಡದ್ದನ್ನು ಕಸವೆಂದು ತೊಳೆದು ಪ್ರನಾಳವನ್ನು ಕಪಾಟಿಗೆ ಸೇರಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಅರ್ಧ ವರ್ಣತಂತುಗಳ ಬಡಕಲು ಗಿಡಕ್ಕೆ ತಳಿತಜ್ಞರು ಯಾಕೆ ಇಷ್ಟು ಹಂಬಲಿಸುತ್ತಿದ್ದರು? ಒಂದು ಲೆಕ್ಕ ಮಾಡಿ ನೋಡೋಣ.

ಒಂದು ಭತ್ತದ ಅನ್ನ ರುಚಿ, ಆದರೆ ಪೈರಿಗೆ ಬೆಂಕಿರೋಗ ತಗಲುತ್ತದೆ. ಇನ್ನೊಂದಕ್ಕೆ ರೋಗ ತಾಗದು, ಅನ್ನ ಒರಟು. ಎರಡನ್ನೂ ಸಂಕರ ಮಾಡಿದರೆ ಬರುವ ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ಥರ. ಅವುಗಳ ಬೀಜ ಬಿತ್ತಿದಾಗ ಶುರುವಾಗುತ್ತದೆ ಕಲಸುಮೇಲೋಗರ: ಕೆಲವು ಎತ್ತರ, ಕೆಲವು ಗಿಡ್ಡ, ಕೆಲವು ಬೇಗ ತೆನೆ ಬಿಡುವವು, ಕೆಲವು ತಡ. ರೈತನಿಗೆ ಬೇಕಾದದ್ದು ವರ್ಷ ವರ್ಷವೂ ಒಂದೇ ಥರ ಬರುವ ಶುದ್ಧ ತಳಿ. ಅದಕ್ಕಾಗಿ ಪ್ರತಿ ಪೀಳಿಗೆಯಲ್ಲೂ ಒಳ್ಳೆಯ ಗಿಡ ಆರಿಸಿ, ಅದರ ಬೀಜವನ್ನೇ ಮತ್ತೆ ಬಿತ್ತುತ್ತ ಹೋಗಬೇಕು. ತಂದೆತಾಯಿಗಳಿಂದ ಬೇರೆ ಬೇರೆ ಗುಣ ಬಂದಿರುವ ವಂಶವಾಹಿ ಜೋಡಿಗಳ ಪ್ರಮಾಣ ಪ್ರತಿ ಸಲ ಅರ್ಧರ್ಧ ಇಳಿಯುತ್ತದೆ – ನೂರಕ್ಕೆ 50, 25, 12.5, 6.25, ಸುಮಾರು 3, ಆಮೇಲೆ ಒಂದೂವರೆ. ಹೀಗೆ ಆರೇಳು ಪೀಳಿಗೆ ಸಾಗಬೇಕು. ವರ್ಷಕ್ಕೊಂದೇ ಬೆಳೆಯಾದರೆ ಸಂಕರ ಮಾಡಿದ ದಿನ ಒಂದನೇ ತರಗತಿಗೆ ಸೇರಿದ ಮಗು ಶುದ್ಧ ತಳಿ ಕೈಗೆ ಬರುವ ಹೊತ್ತಿಗೆ ಹೈಸ್ಕೂಲಿನಲ್ಲಿರುತ್ತದೆ.

ಈಗ ಅದೇ ಮೊದಲ ಪೀಳಿಗೆಯ ಗಿಡದ ಪರಾಗವನ್ನು ತೆಗೆದುಕೊಳ್ಳಿ. ಪ್ರತಿ ಕಣದಲ್ಲೂ ಎರಡು ಮನೆತನಗಳ ಗುಣಗಳ ಒಂದೊಂದು ಹೊಸ ಮಿಶ್ರಣವಿದೆ. ಅದರಿಂದ ಏಕಗುಣಿತ ಗಿಡ ಎಬ್ಬಿಸಿ, ಅದರ ವರ್ಣತಂತುಗಳನ್ನು ಇಮ್ಮಡಿ ಮಾಡಿಬಿಟ್ಟರೆ? ಪ್ರತಿ ವರ್ಣತಂತುವಿಗೂ ತನ್ನದೇ ಪ್ರತಿರೂಪ ಜೋಡಿಯಾಗುತ್ತದೆ. ಆರೇಳು ಪೀಳಿಗೆಯಲ್ಲಿ ಆಗಬೇಕಾದ ಶುದ್ಧೀಕರಣ ಒಂದೇ ಏಟಿಗೆ ಮುಗಿಯಿತು. ಇನ್ನೊಂದು ಅನುಕೂಲ ಲೆಕ್ಕ ಬಲ್ಲ ವಿದ್ಯಾರ್ಥಿಗಳಿಗೆ ತಕ್ಷಣ ಹೊಳೆಯುತ್ತದೆ. ಬೇಕಾದ ಐದು ವಂಶವಾಹಿಗಳು ಶುದ್ಧರೂಪದಲ್ಲಿ ಒಂದೇ ಗಿಡದಲ್ಲಿ ಸೇರಬೇಕೆನ್ನಿ. ಅವು ಒಂದಕ್ಕೊಂದು ಅಂಟಿಕೊಳ್ಳದೆ ಸ್ವತಂತ್ರವಾಗಿ ಹಂಚಿಕೆಯಾಗುವುದಾದರೆ, ಹಳೆಯ ಪದ್ಧತಿಯ ಎರಡನೇ ಪೀಳಿಗೆಯಲ್ಲಿ ಅಂಥ ಗಿಡ ಸಿಗುವ ಸಂಭವ 1024ರಲ್ಲಿ ಒಂದು. ಪರಾಗದ ದಾರಿಯಲ್ಲಿ 32ರಲ್ಲಿ ಒಂದು.

ಇಮ್ಮಡಿ ಮಾಡುವ ಮದ್ದೂ ಮೊದಲೇ ಸಿಕ್ಕಿತ್ತು. ಅದರ ಹೆಸರು ಕಾಲ್ಚಿಸಿನ್. ನಮ್ಮ ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆ ಬೀಜಗಳಲ್ಲಿ ಇರುವ ಘೋರ ವಿಷ ಅದು. ಕೋಶ ಒಡೆಯುವಾಗ ಇಮ್ಮಡಿಯಾದ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳಿರುತ್ತವೆ. ಕಾಲ್ಚಿಸಿನ್ ಆ ನೂಲುಗಳನ್ನು ಕಟ್ಟಗೊಡುವುದಿಲ್ಲ. ವರ್ಣತಂತುಗಳು ಎರಡಾಗಿ, ಅದೇ ಕೋಶದಲ್ಲೇ ಉಳಿದುಬಿಡುತ್ತವೆ. 1937ರಲ್ಲಿ ಇದನ್ನು ತೋರಿಸಿದವರು ಬ್ಲೇಕ್ಸ್‌ಲೀ ಮತ್ತು ಏವರಿ. ಅವರು ಪ್ರಯೋಗಕ್ಕೆ ಬಳಸಿದ ಗಿಡಗಳಲ್ಲಿ ದತ್ತೂರಿಯೂ ಇತ್ತೆಂದು ಬೇರೆ ಹೇಳಬೇಕೆ!

ದಿಲ್ಲಿಯ ಸುದ್ದಿ ಹೊರಗೆ ಬೇಗ ಹಬ್ಬಿತು. 1967ರಲ್ಲಿ ಫ್ರಾನ್ಸಿನ ಬೂರ್ಜಾನ್ ಮತ್ತು ನಿಟ್ಶ್ ತಂಬಾಕಿನ ಪರಾಗದಿಂದ ಗಿಡ ಬೆಳೆಸಿದರು. 1968ರಲ್ಲಿ ಜಪಾನಿನ ನಿಯಿಝೆಕಿ ಮತ್ತು ಓನೋ ಭತ್ತದಲ್ಲಿ ಯಶಸ್ಸು ಕಂಡರು. ಆದರೆ ಇದನ್ನು ಪಟ್ಟುಹಿಡಿದು ಹೊಲಕ್ಕೆ ಇಳಿಸಿದವರು ಚೀನೀಯರು. ಭತ್ತದ ಪರಾಗಕೋಶಕ್ಕೆ ಯಾವ ಗೊಬ್ಬರ ಎಷ್ಟಿರಬೇಕು ಎಂದು ಒಂದೊಂದಾಗಿ ಅಳೆದು ನೋಡಿ, 1975ರಲ್ಲಿ ಎನ್6 ಎಂಬ ಪೋಷಕ ಮಾಧ್ಯಮವನ್ನು ಅವರು ರೂಪಿಸಿದರು. ಅಮೋನಿಯಂ ರೂಪದ ಸಾರಜನಕ ಕಡಿಮೆಯಿದ್ದರೆ ಭತ್ತದ ಪರಾಗ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅವರ ಶೋಧದ ತಿರುಳು. ಎನ್6 ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಗೋಧಿಗಂತೂ ಅವರು ಆಲೂಗಡ್ಡೆಯ ಸಾರವನ್ನೇ ಮಾಧ್ಯಮವಾಗಿ ಬಳಸಿದರು. ಪರಾಗದಿಂದ ಬಂದ ಭತ್ತ ಮತ್ತು ಗೋಧಿ ತಳಿಗಳು ಅಲ್ಲಿ ರೈತರ ಗದ್ದೆಗೆ ಇಳಿದವು. ಯುರೋಪು, ಕೆನಡಾಗಳಲ್ಲಿ ಬಾರ್ಲಿಗೂ ನಮ್ಮ ಸಾಸಿವೆಯ ದಾಯಾದಿಯಾದ ರೇಪ್ ಎಣ್ಣೆಬೀಜಕ್ಕೂ ಏಕಗುಣಿತ ಗಿಡಗಳ ದಾರಿ ಈಗ ಮಾಮೂಲು.

ಭಾರತದಲ್ಲಿ? ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆ ಪರಾಗಕೋಶ ಕೃಷಿಯಿಂದ ಸತ್ಯಕೃಷ್ಣ, ಫಾಲ್ಗುಣಿ ಎಂಬ ತಳಿಗಳನ್ನು ಹೊರತಂದದ್ದು ದಿಲ್ಲಿಯ ಶೋಧಕ್ಕೆ ನಾಲ್ಕು ದಶಕ ತುಂಬಿದ ಮೇಲೆ. ಬಿತ್ತಿದ್ದು ನಮ್ಮ ಮನೆಯಂಗಳದಲ್ಲಿ, ಮೊದಲ ಕೊಯ್ಲು ನೆರೆಯವರದು ಎಂದು ಬೇಸರವಾಗುವುದು ಸಹಜ.

ಆದರೆ ತಡವಾದದ್ದಕ್ಕೆ ಗಿಡಗಳ ಹಟವೂ ಒಂದು ಕಾರಣ ಎಂಬುದನ್ನು ಮರೆಯಬಾರದು. ಚೀನಾ, ಜಪಾನುಗಳಲ್ಲಿ ಹೆಚ್ಚಾಗಿ ಬೆಳೆಯುವ ಜಪಾನಿಕಾ ಭತ್ತದ ಪರಾಗ ಪ್ರನಾಳದಲ್ಲಿ ಸಲೀಸಾಗಿ ಒಗ್ಗುತ್ತದೆ; ನಮ್ಮ ಇಂಡಿಕಾ ಭತ್ತದ್ದು ಮೊಂಡು. ಗಿಡ ಬಂದರೂ ಅನೇಕವು ಹಾಲಿನಂತೆ ಬೆಳ್ಳಗೆ ಬರುತ್ತವೆ. ಪತ್ರಹರಿತ್ತು ಇಲ್ಲದ ಈ ಸಸಿಗಳು ಪ್ರನಾಳದ ಸಕ್ಕರೆ ಇರುವವರೆಗೆ ನಿಂತು, ಮಣ್ಣಿಗಿಟ್ಟ ಮೇಲೆ ಸಾಯುತ್ತವೆ. ಬಾರ್ಲಿ, ಗೋಧಿಗಳ ಇಂಥ ಬಿಳಿ ಸಸಿಗಳನ್ನು ಪರೀಕ್ಷಿಸಿದಾಗ ಹಸಿರುಕಣಗಳ ಡಿಎನ್‌ಎಯಲ್ಲಿ ದೊಡ್ಡ ದೊಡ್ಡ ತುಂಡುಗಳೇ ಕಾಣೆಯಾಗಿದ್ದು ಕಂಡುಬಂತು. ತೊಗರಿ, ಕಡಲೆಯಂಥ ಬೇಳೆಕಾಳುಗಳು ಇನ್ನೂ ಕಷ್ಟ.

ಮುಸುಕಿನ ಜೋಳದ ದಾರಿ ಬೇರೆ, ಮತ್ತು ಅದು ನೇರವಾಗಿ ಕರ್ನಾಟಕಕ್ಕೆ ಬರುತ್ತದೆ. 1959ರಲ್ಲಿ ಅಮೆರಿಕದ ಎಡ್ವರ್ಡ್ ಕೋ ಎಂಬ ವಿಜ್ಞಾನಿ ಜೋಳದ ವಿಚಿತ್ರ ತಳಿಯೊಂದನ್ನು ವಿವರಿಸಿದರು. ಅದರ ಪರಾಗವನ್ನು ಬೇರೆ ಜೋಳಕ್ಕೆ ಕೊಟ್ಟರೆ ಕಾಳು ಕಟ್ಟುತ್ತದೆ, ಆದರೆ ನೂರರಲ್ಲಿ ಎರಡು ಮೂರು ಕಾಳುಗಳ ಭ್ರೂಣದಲ್ಲಿ ತಂದೆಯ ವರ್ಣತಂತುಗಳೇ ಇರುವುದಿಲ್ಲ. ದತ್ತೂರಿಯಲ್ಲಿ ತಾಯಿಯಿಲ್ಲದ ಮಗುವಾದರೆ ಇಲ್ಲಿ ತಂದೆಯಿಲ್ಲದ ಮಗು. ಪ್ರನಾಳ, ಅಗರ್ ಯಾವುದೂ ಬೇಡ, ಎಲ್ಲವೂ ಹೊಲದಲ್ಲೇ. ಆ ತಳಿಯ ವಂಶದಿಂದ ಈಗ ನೂರಕ್ಕೆ ಹತ್ತರ ಆಸುಪಾಸು ಏಕಗುಣಿತ ಕಾಳು ಕೊಡುವ ತಳಿಗಳನ್ನು ಬೆಳೆಸಿದ್ದಾರೆ. ಆ ಹತ್ತನ್ನು ಗುರುತಿಸುವುದು ಹೇಗೆ? ತಂದೆಯ ತಳಿಗೆ ನೇರಳೆ ಬಣ್ಣದ ಗುರುತು ಸೇರಿಸಿರುತ್ತಾರೆ. ಕಾಳಿನ ನೆತ್ತಿಯೂ ಒಳಗಿನ ಭ್ರೂಣವೂ ನೇರಳೆಯಾಗಿದ್ದರೆ ಅದು ಮಾಮೂಲು ಸಂಕರ. ನೆತ್ತಿ ನೇರಳೆ, ಭ್ರೂಣ ಬಿಳಿ ಎಂದಾದರೆ ಅದೇ ಬೇಕಾದ ಕಾಳು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಕೂತು ಕೈಯಿಂದ ಆರಿಸುತ್ತಾರೆ. ಮೊಳಕೆ ಬರಿಸಿ, ತುದಿ ಕತ್ತರಿಸಿ, ಕಾಲ್ಚಿಸಿನ್ ದ್ರಾವಣದಲ್ಲಿ ನೆನೆಸಿ, ಆಮೇಲೆ ನಾಟಿ.

ಈ ಕೆಲಸಕ್ಕೆಂದೇ ಅಂತಾರಾಷ್ಟ್ರೀಯ ಗೋಧಿ ಮತ್ತು ಮುಸುಕಿನ ಜೋಳ ಸಂಶೋಧನಾ ಕೇಂದ್ರವೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಸೇರಿ ತುಮಕೂರು ಜಿಲ್ಲೆಯ ಕುಣಿಗಲ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕಟ್ಟಿದ ವ್ಯವಸ್ಥೆ 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಏಷ್ಯಾದ ಸರ್ಕಾರಿ ಸಂಸ್ಥೆಗಳಿಗೂ ಸಣ್ಣ ಬೀಜ ಕಂಪನಿಗಳಿಗೂ ಶುದ್ಧ ತಳಿ ಒದಗಿಸುವುದು ಅದರ ಗುರಿ. ಸಸ್ಯಶಾಸ್ತ್ರ, ಕೃಷಿ ವಿಜ್ಞಾನ ಓದಿದವರಿಗೆ ಕೆಲಸ ಎಲ್ಲಿದೆ ಎಂದು ಕೇಳುವ ಪಾಲಕರು ಕುಣಿಗಲ್‌ನಂಥ ಜಾಗಗಳ ಕಡೆ ನೋಡಬೇಕು. ವರ್ಣತಂತು ಎಣಿಸಬಲ್ಲವರು, ಅಂಗಾಂಶ ಕೃಷಿ ಬಲ್ಲವರು, ಹೊಲದ ಪ್ರಯೋಗಗಳನ್ನು ಲೆಕ್ಕಶಾಸ್ತ್ರದಿಂದ ಅಳೆಯಬಲ್ಲವರು, ಕಂಪ್ಯೂಟರಿನಲ್ಲಿ ಡಿಎನ್‌ಎ ಓದಬಲ್ಲವರು – ಎಲ್ಲರಿಗೂ ಅಲ್ಲಿ ಕೆಲಸವಿದೆ. ಬರಿಯ ‘ಬಯೋಟೆಕ್ನಾಲಜಿ’ ಎಂಬ ಹೆಸರಿನ ಪದವಿಗೆ ಮರುಳಾಗಿ ಹೂವಿನ ಭಾಗಗಳನ್ನೇ ಬಿಡಿಸಿ ನೋಡದ ವಿದ್ಯಾರ್ಥಿ ಇಲ್ಲಿ ಹೆಚ್ಚು ದೂರ ಹೋಗಲಾರ.

ಇಷ್ಟೆಲ್ಲ ಆದರೂ ಮೂಲ ಪ್ರಶ್ನೆ ಹಾಗೇ ಇತ್ತು. ಪರಾಗ ತನ್ನ ಕೆಲಸ ಬಿಟ್ಟು ಭ್ರೂಣವಾಗಲು ಹೊರಟದ್ದು ಯಾಕೆ? ಹಲವು ಬೆಳೆಗಳಲ್ಲಿ ಕಂಡ ಉತ್ತರ: ಕಷ್ಟ ಕೊಟ್ಟರೆ. ಭತ್ತದ ತೆನೆಯನ್ನು ಒಂದು ವಾರ ತಂಪಿನಲ್ಲಿಡುತ್ತಾರೆ. ತಂಬಾಕಿನ ಎಳೆಯ ಪರಾಗಕ್ಕೆ ಸಕ್ಕರೆ ಕೊಡದೆ ಉಪವಾಸ ಕೆಡವುತ್ತಾರೆ. ರೇಪ್ ಬೀಜದ ಪರಾಗವನ್ನು 32 ಡಿಗ್ರಿ ಬಿಸಿಗೆ ಒಡ್ಡುತ್ತಾರೆ. ಸರಿಯಾದ ಎಳೆತನದಲ್ಲಿ ಇಂಥ ಪೆಟ್ಟು ಬಿದ್ದ ಪರಾಗ ತಂದೆಯಾಗುವುದನ್ನು ಮರೆತು ತಾನೇ ಮಗುವಾಗುತ್ತದೆ.

ಹೀಗೆ ಬಿಸಿ ತಾಗಿ ಭ್ರೂಣವಾಗುತ್ತಿದ್ದ ರೇಪ್ ಪರಾಗದಲ್ಲಿ ಯಾವ ವಂಶವಾಹಿ ಎಚ್ಚರಗೊಂಡಿದೆ ಎಂದು ಹುಡುಕಿದವರಿಗೆ ಒಂದು ಸಿಕ್ಕಿತು. 2002ರಲ್ಲಿ ಅದನ್ನು ಪ್ರಕಟಿಸಿ ‘ಬೇಬಿ ಬೂಮ್’ ಎಂದು ಹೆಸರಿಟ್ಟರು. ಅದನ್ನು ಎಲೆಯಲ್ಲಿ ಚುರುಕುಗೊಳಿಸಿದರೆ ಎಲೆಯ ಮೇಲೇ ಭ್ರೂಣಗಳು ಮೂಡುತ್ತಿದ್ದವು. ಭತ್ತದಲ್ಲೂ ಅದರ ಸೋದರ ವಂಶವಾಹಿಯೊಂದಿದೆ. ಅಂಡವನ್ನು ಭ್ರೂಣವಾಗಿಸಲು ಕೀಲಿ ತಿರುಗಿಸುವುದು ತಂದೆಯ ಕಡೆಯಿಂದ ಬರುವ ಈ ವಂಶವಾಹಿಯೇ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಇಮ್ತಿಯಾಜ್ ಖಾಂಡೆ, ವೆಂಕಟೇಶನ್ ಸುಂದರೇಶನ್ ಮತ್ತು ಸಂಗಡಿಗರು 2018ರ ಕೊನೆಯಲ್ಲಿ ತೋರಿಸಿದರು. ಅಂಡದಲ್ಲೇ ಅದನ್ನು ಎಚ್ಚರಗೊಳಿಸಿ, ವರ್ಣತಂತು ಅರ್ಧವಾಗುವ ವಿಭಜನೆಯನ್ನೂ ತಪ್ಪಿಸಿದಾಗ, ತಾಯಿಗಿಡದ ಪಡಿಯಚ್ಚಿನಂಥ ಬೀಜ ಕಟ್ಟಿತು. ಆಗ ಅಂಥ ಬೀಜ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. 2022ರಲ್ಲಿ ಇನ್ನೊಂದು ತಂಡ ಸಂಕರ ಭತ್ತದಲ್ಲಿ ಅದನ್ನು ನೂರಕ್ಕೆ 95ಕ್ಕಿಂತ ಮೇಲಕ್ಕೆ ಒಯ್ದಿತು.

ಹೈಬ್ರಿಡ್ ಬೀಜವನ್ನು ರೈತ ಪ್ರತಿವರ್ಷ ಅಂಗಡಿಯಿಂದ ಕೊಳ್ಳಬೇಕಾಗಿರುವುದು, ಮನೆಯಲ್ಲಿ ಉಳಿಸಿಕೊಂಡ ಬೀಜ ಮರುವರ್ಷ ಕಲಬೆರಕೆಯಾಗಿ ಒಡೆಯುವುದರಿಂದ. ಪಡಿಯಚ್ಚು ಬೀಜ ಕೈಗೆ ಬಂದರೆ ಒಮ್ಮೆ ಕೊಂಡ ಹೈಬ್ರಿಡ್ ಭತ್ತವನ್ನು ಕಣಜದಲ್ಲಿ ತೆಗೆದಿಟ್ಟು ಮುಂದಿನ ಮುಂಗಾರಿಗೆ ಬಿತ್ತಬಹುದು. ಅದನ್ನು ಕಂಪನಿಗಳು ಒಪ್ಪುತ್ತವೆಯೆ, ಹಕ್ಕುಸ್ವಾಮ್ಯ ಯಾರ ಕೈಯಲ್ಲಿರುತ್ತದೆ, ವಂಶವಾಹಿ ತಿದ್ದಿದ ಬೆಳೆಗೆ ಸರ್ಕಾರಗಳು ಯಾವ ನಿಯಮ ವಿಧಿಸುತ್ತವೆ – ಈ ಪ್ರಶ್ನೆಗಳೆಲ್ಲ ಮುಂದಿವೆ. ಕಾಳು ಕಟ್ಟುವ ಪ್ರಮಾಣ, ಇಳುವರಿ, ಬಿಸಿಲು ಬರಗಳಲ್ಲಿ ಅದರ ನಡವಳಿಕೆ, ಎಲ್ಲವನ್ನೂ ಬಯಲಿನ ಗದ್ದೆಗಳಲ್ಲಿ ಹಲವು ಹಂಗಾಮು ನೋಡಿ ತಿಳಿಯಬೇಕು.

ಶಿಪ್ರಾ ಗುಹಾ ಮದುವೆಯ ನಂತರ ಶಿಪ್ರಾ ಗುಹಾ-ಮುಖರ್ಜಿಯಾದರು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿ 2007ರಲ್ಲಿ ತೀರಿಕೊಂಡರು. ಸತೀಶಚಂದ್ರ ಮಾಹೇಶ್ವರಿ 2019ರವರೆಗೆ ಇದ್ದರು. ಪಡಿಯಚ್ಚು ಭತ್ತದ ಮೊದಲ ಸುದ್ದಿ ಬಂದಾಗ ಅವರ ದತ್ತೂರಿ ಲೇಖನಕ್ಕೆ ಐವತ್ತನಾಲ್ಕು ವರ್ಷವಾಗಿತ್ತು.